ಫಿಟ್ಸ್‌ಗೆ ಮಾತ್ರೆ ಶುರುವಾಗಿದೆ, ಮನೆಯಲ್ಲಿ ಇನ್ನೇನು ನೋಡ್ಕೋಬೇಕು?

ಮಳವಳ್ಳಿ ಅಮ್ಮ (ಚರ್ಚೆ ಶುರು ಮಾಡಿದವರು)

ದೀಪಾವಳಿ ಹತ್ತಿರ ಬಂತು, ನೀರು ತುಂಬೋ ಹಬ್ಬದ ಎಣ್ಣೆಸ್ನಾನದ ವಿಷಯಕ್ಕೆ ನಮ್ಮನೇಲಿ ಈಗಲೇ ಜಗಳ ಶುರುವಾಗಿದೆ. ನನ್ನ ಮಗ ಏಳನೇ ಕ್ಲಾಸು. ಅವನಿಗೆ ಫಿಟ್ಸ್ ಇದೆ. ಅದೂ ತಲೆಗೆ ಬಿಸಿನೀರು ಬಿದ್ದಾಗ ಬರೋ ಥರದ್ದು. ಮೈಸೂರಲ್ಲಿ ನರರೋಗದ ಡಾಕ್ಟ್ರು "ಹಾಟ್ ವಾಟರ್ ಎಪಿಲೆಪ್ಸಿ" ಅಂದ್ರು. ಇಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರ್ಲಿಲ್ಲ.

ಅವರಜ್ಜಿ ಹಂಡೆಯಿಂದ ತೋಡಿ ನೆತ್ತಿಗೆ ನೀರು ಹುಯ್ತಾ ಇದ್ರು. ಹುಡುಗ ಇದ್ದಕ್ಕಿದ್ದಂಗೆ ಸುಮ್ಮನಾದ. ಕಣ್ಣು ಬಿಟ್ಕೊಂಡೇ ಇದಾನೆ, ಕರೆದ್ರೆ ಓಗೊಡ್ತಿಲ್ಲ. ತುಟಿ ಚಪ್ಪರಿಸ್ತಾ, ಬರೀ ಎದೆ ಮೇಲೆ ಅಂಗಿ ಗುಂಡಿ ಹುಡುಕೋ ಥರ ಬೆರಳಾಡಿಸ್ತಿದ್ದ. ಆಮೇಲೆ ಕೈ ಸೆಟೆದುಕೊಂಡು ಪಕ್ಕಕ್ಕೆ ವಾಲಿದ. ಅಜ್ಜಿ "ಗಾಳಿ ಸೋಕಿದೆ" ಅಂದ್ರು, ನಮ್ಮೋರು ಆಸ್ಪತ್ರೆ ಅಂದ್ರು. ಎರಡೂ ಆಯ್ತು ಅನ್ನಿ.

ಮೊದಮೊದಲು ತಲೆಸ್ನಾನದ ದಿನ ಮಾತ್ರ ನುಂಗಿಸೋಕೆ ಕ್ಲೋಬಜಾಮ್ ಅಂತ ಒಂದು ಮಾತ್ರೆ ಕೊಟ್ಟಿದ್ರು. ಅಷ್ಟರಲ್ಲೇ ನಿಂತಿತ್ತು. ಈಚೆಗೆ ಊರಹಬ್ಬದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟ, ಬೆಳಗ್ಗೆ ಸ್ನಾನಕ್ಕೆ ಹೋಗೋ ಮುಂಚೇನೇ ಬಂತು. ಈಗ ದಿನಾ ಎರಡು ಹೊತ್ತು ಕಾರ್ಬಮಜೆಪಿನ್ ಬರ್ಕೊಟ್ಟಿದಾರೆ.

ಮಾತ್ರೆ ವಿಷಯ ಡಾಕ್ಟ್ರು ನೋಡ್ಕೋತಾರೆ, ಸರಿ. ಮಿಕ್ಕಿದ್ದು? ಸ್ನಾನ, ಸ್ಕೂಲು, ಸೈಕಲ್ಲು, ಆಟ, ಹಬ್ಬ ಹರಿದಿನ. ಯಾವುದು ಬಿಡಿಸ್ಬೇಕು, ಯಾವುದು ಬಿಡಿಸಬಾರದು? ಹೊರಗೆ ಅಷ್ಟು ಜನ ಕಾಯ್ತಿರ್ತಾರೆ, ಡಾಕ್ಟ್ರನ್ನ ಕೂರಿಸ್ಕೊಂಡು ಇದನ್ನೆಲ್ಲ ಕೇಳೋಕಾಗಲ್ಲ. ಮನೇಲಿ ಅನುಭವಿಸಿದೋರು ಇದ್ರೆ ಹೇಳಿ.

ಯಳಂದೂರು ಸೊಸೆ

ಅಕ್ಕ, ಗೊತ್ತಿರ್ಲಿಲ್ಲ ಅಂದ್ರಲ್ಲ, ನಮ್ಮ ಸೀಮೆಯಲ್ಲಿ ಇದು ತೀರಾ ಅಪರೂಪದ್ದಲ್ಲ. ನಮ್ಮನೆಯವರಿಗೂ ಇದೇ. ದಕ್ಷಿಣ ಭಾರತದಲ್ಲಿ ಈ ಥರ ಇದೆ ಅಂತ ಮೊದಲು ಬರೆದೋರಲ್ಲಿ ಬೆಂಗಳೂರಿನ ಡಾ. ಕೆ.ಎಸ್. ಮಣಿ ಒಬ್ಬರು. ನಮ್ಮ ಯಳಂದೂರಲ್ಲಿ ಮೂರ್ಛೆರೋಗದ ಸಮೀಕ್ಷೆ ನಡೆಸಿದ್ದೂ ಅವರೇ. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ರು. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಕೊಡೋದು ಅವರ ತಂಡ ಬಳಕೆಗೆ ತಂದ ಕ್ರಮ.

ನಮ್ಮಲ್ಲೇ ಯಾಕೆ ಅಂದ್ರೆ ನಾವು ತಲೆಗೆ ಹುಯ್ಯೋ ರೀತಿ ನೋಡಿ. 40ರಿಂದ 50 ಡಿಗ್ರಿ ಸುಡುನೀರು, ಚೊಂಬಿನ ಮೇಲೆ ಚೊಂಬು, ಉಸಿರು ತಗೊಳ್ಳೋಕೂ ಬಿಡದೆ ನೆತ್ತಿ ಮೇಲೆ. ಟರ್ಕಿಯಲ್ಲೂ ಹೀಗೆ ಹುಯ್ಕೊಂಡು ಸ್ನಾನ ಮಾಡೋ ರೂಢಿ ಇದೆ, ಅಲ್ಲೂ ಈ ಕಾಯಿಲೆ ಕಾಣಿಸ್ಕೊಂಡಿದೆ. ಕೆಲವು ಮನೆತನಗಳಲ್ಲಿ ವಂಶದಲ್ಲೂ ಬರುತ್ತೆ. ಗಂಡುಮಕ್ಕಳಲ್ಲಿ ಹೆಚ್ಚು.

ಸ್ನಾನ ಇಲ್ದೇನೂ ಬಂತು ಅಂತ ಎದೆ ಒಡ್ಕೋಬೇಡಿ. ಬಿಸಿನೀರಿಂದ ಶುರುವಾದವರಲ್ಲಿ ಸುಮಾರು ಕಾಲುಭಾಗದಷ್ಟು ಜನಕ್ಕೆ ಮುಂದೆ ಹಾಗೆ ಆಗುತ್ತೆ ಅಂತ ನಮಗೂ ಮುಂಚೆಯೇ ಹೇಳಿದ್ರು. ದಿನದ ಮಾತ್ರೆ ಅದಕ್ಕೇ.

ನಮ್ಮನೆ ಪದ್ಧತಿ ಹೇಳ್ತೀನಿ. ಹಂಡೆ ನೀರು ನೇರ ತಲೆಗೆ ಹೋಗೋ ಹಂಗೇ ಇಲ್ಲ. ಬಕೆಟ್ಟಲ್ಲಿ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಬಿಸಿ ಅಂತ ಅನ್ನಿಸ್ಲೇಬಾರದು, ಉಗುರುಬೆಚ್ಚಗಿರ್ಬೇಕು. ಕಾಲಿಂದ ಶುರು, ಆಮೇಲೆ ಹೆಗಲು, ತಲೆ ಕೊನೆಗೆ. ತಲೆಗೂ ಹುಯ್ಯೋದಿಲ್ಲ, ಒದ್ದೆ ಟವಲ್ಲಲ್ಲಿ ಒರೆಸಿ ಸೀಗೆಪುಡಿ ಹಚ್ಚಿ, ಸ್ವಲ್ಪ ಸ್ವಲ್ಪ ನೀರಲ್ಲಿ ತೊಳೆಯೋದು. ನಿಂತ್ಕೊಂಡಲ್ಲ, ಮಣೆ ಮೇಲೆ ಕೂತು. ಬಚ್ಚಲ ಬಾಗಿಲು ಮುಂದೆ ಮಾಡ್ಕೊಳ್ಳೋದಷ್ಟೆ, ಚಿಲಕ ಹಾಕಂಗಿಲ್ಲ. ನಾನು ಹೊರಗೆ ಕೂತು ಏನಾದ್ರೂ ಮಾತಾಡಿಸ್ತಾ ಇರ್ತೀನಿ. ಉತ್ತರ ತಡ ಆಯ್ತು ಅಂದ್ರೆ ಎದ್ದು ನೋಡೋದು.

ಇನ್ನೊಂದು ಯಾರೂ ಹೇಳಲ್ಲ. ಕೆಲವರಿಗೆ ಆ ಹೊತ್ತಲ್ಲಿ ಒಂಥರಾ ಹಿತ ಅನ್ನಿಸುತ್ತೆ. ಸಾಕು ಅಂದ್ರೂ ಬಿಡಲ್ಲ, ಹುಯ್ಕೋತಾನೇ ಇರ್ತಾರೆ. ನಮ್ಮನೆಯವರು ಮದುವೆಯಾದ ಹೊಸದ್ರಲ್ಲಿ ಹಂಗೇ ಇದ್ರು, ನಾನು ಬಿಸಿನೀರಿನ ಹುಚ್ಚು ಅಂದ್ಕೊಂಡಿದ್ದೆ. ಹುಡುಗ ಬಚ್ಚಲಲ್ಲಿ ಜಾಸ್ತಿ ಹೊತ್ತು ಕೂತ್ರೆ ಬೈಬೇಡಿ, ಡಾಕ್ಟ್ರಿಗೆ ಹೇಳಿ.

ಹಬ್ಬಕ್ಕೆ ಎಣ್ಣೆ ಹಚ್ಚಲಿ ಬಿಡಿ, ಎಣ್ಣೆಯಿಂದ ಏನೂ ಇಲ್ಲ. ನೀರು ಉಗುರುಬೆಚ್ಚಗಿರ್ಲಿ. ಬೆಳಗಿನ ಜಾವಕ್ಕೆ ಎಬ್ಬಿಸ್ಬೇಡಿ, ಎಂಟು ಗಂಟೆಗೆ ಮಾಡಿದ್ರೂ ಅದು ಅಭ್ಯಂಜನವೇ. ಹಿಂದಿನ ರಾತ್ರಿ ಪಟಾಕಿ ಅಂತ ನಿದ್ದೆ ಕೆಟ್ಟು, ಜಾವಕ್ಕೆ ಎದ್ದು, ಖಾಲಿ ಹೊಟ್ಟೇಲಿ ಬಿಸಿನೀರು ಅಂದ್ರೆ ಮೂರೂ ಒಟ್ಟಿಗೆ ಬಂದಂಗೆ. ಮತ್ತೆ ಅತ್ತೆಗೆ ನೀವು ಹೇಳೋಕೆ ಹೋಗ್ಬೇಡಿ, ಮುಂದಿನ ಸಲ ಅವರನ್ನೂ ಕರ್ಕೊಂಡು ಹೋಗಿ ಡಾಕ್ಟ್ರ ಬಾಯಿಂದ ಹೇಳ್ಸಿ. ಸೊಸೆ ಮಾತಿಗೂ ಡಾಕ್ಟ್ರ ಮಾತಿಗೂ ತೂಕ ಬೇರೆ.

ಮಳವಳ್ಳಿ ಅಮ್ಮ

ಕೊನೆ ಸಾಲು ಓದಿ ನಕ್ಕುಬಿಟ್ಟೆ. ಇನ್ನೊಂದು ಕೇಳ್ಬೇಕು. ಬಂದಾಗ ನಮ್ಮ ಮಾವ ಕೈಗೆ ಬೀಗದ ಗೊಂಚಲು ಹಿಡಿಸಿದ್ರು, ಹಿಡಿಸಿದ ತಕ್ಷಣ ನಿಂತಿತು ಅಂತಾರೆ. ಹಿಡಿಸ್ಲಾ ಬೇಡ್ವಾ?

ಧಾರವಾಡ ಸಿಸ್ಟರ್

ನಾ ಸರ್ಕಾರಿ ದವಾಖಾನಿಯೊಳಗ ನರ್ಸ್ ಇದ್ದೀನ್ರಿ. ಕಬ್ಬಿಣ, ಉಳ್ಳಾಗಡ್ಡಿ, ಚಪ್ಪಲಿ ಮೂಸಸೂದು, ಇವೆಲ್ಲಾ ಯಾಕ ಕೆಲಸ ಮಾಡಿಧಂಗ ಕಾಣತಾವಂದ್ರ, ಬಹಳಷ್ಟು ಫಿಟ್ಸ್ ಒಂದೆರಡು ನಿಮಿಷದಾಗ ತಾವ ನಿಂದ್ರತಾವ. ನೀವು ಕೀಲಿಕೈ ಹುಡುಕಿ ತರೂದ್ರೊಳಗ ಅದು ಮುಗಿಯೂ ಹೊತ್ತಿಗೇ ಬಂದಿರ್ತದ. ಹೆಸರು ಮಾತ್ರ ಕೀಲಿಕೈಗೆ.

ಕೈಯಾಗ ಹಿಡಿಸಿದ್ರ ದೊಡ್ಡ ಹಾನಿ ಇಲ್ಲ ಅಂತ ಬಿಡಬಹುದಿತ್ತು, ಆದ್ರ ಎಲ್ಲಾರೂ ಕಬ್ಬಿಣದ ಹಿಂದ ಓಡಿ ಮಾಡಬೇಕಾದ್ದು ಬಿಡ್ತಾರ. ಮೊದಲು ಗಡಿಯಾರ ನೋಡ್ರಿ. ಸುತ್ತಲಿನ ಗಟ್ಟಿ ಸಾಮಾನು ಸರಿಸ್ರಿ, ತಲಿ ಕೆಳಗ ಮೆತ್ತಂದು ಏನರೆ ಇಡ್ರಿ, ಕೊರಳಗುಂಡಿ ಸಡ್ಲ ಮಾಡ್ರಿ. ಝಾಡಿಸೂದು ಕಡಿಮಿ ಆದಕೂಡ್ಲೆ ಒಂದು ಮಗ್ಗಲಿಗೆ ಹೊಳ್ಳಿಸ್ರಿ, ಜೊಲ್ಲು ಹೊರಗ ಹರಿದು ಹೋಗ್ಲಿ. ಕೈಕಾಲು ಗಟ್ಟಿ ಒತ್ತಿ ಹಿಡೀಬ್ಯಾಡ್ರಿ. ಬಾಯೊಳಗ ಚಮಚಾ, ಬಟ್ಟಿ, ಬೆರಳು, ಏನೂ ಬ್ಯಾಡ. ನಾಲಿಗಿ ನುಂಗತಾರ ಅನ್ನೂದು ಸುಳ್ಳು. ಚಮಚಾ ತುರುಕಿ ಹಲ್ಲು ಮುರಿಸಿಕೊಂಡು ಬಂದವ್ರನ್ನ ನಾನ ನೋಡೀನಿ. ಪೂರ್ತಿ ಎಚ್ಚರ ಆಗೂತನಕ ನೀರು ಕುಡಸಬ್ಯಾಡ್ರಿ.

ಐದು ನಿಮಿಷ ದಾಟಿತೋ, ಒಂದು ನಿಂತು ಎಚ್ಚರಾಗೂದ್ರೊಳಗ ಇನ್ನೊಂದು ಬಂತೋ, ತಡಾ ಮಾಡಬ್ಯಾಡ್ರಿ, 108. ನೀರಾಗ ಬಂದಿತ್ತು, ತಲಿಗೆ ಪೆಟ್ಟಾತು, ಗರ್ಭಿಣಿ ಇದ್ದಾರ, ಜೀವನದಾಗ ಮೊದಲನೇ ಸಲ ಬಂತು ಅಂದ್ರೂ ಅಷ್ಟ. ಮನಿಯೊಳಗ ಇಟ್ಕೊಳ್ಳಾಕ ಮಿಡಜೋಲಮ್ ಅಂತ ಮೂಗಿಗೆ ಹೊಡಿಯೂ ಸ್ಪ್ರೇ ಬರ್ತದ. ಕೂಸಿನ ತೂಕ ನೋಡಿ ಡೋಸ್ ಬರೀತಾರ, ಅದಕ್ಕ ಡಾಕ್ಟರ್ ಚೀಟಿ ಬೇಕ ಬೇಕು. ನಿಮಗ ಬೇಕೋ ಬ್ಯಾಡೋ ಅಂತ ಕೇಳ್ರಿ.

ಆಮ್ಯಾಲೆ ಒಬ್ರು ಹುಡುಗನ ಹತ್ರ ಕೂತಾಗ ಇನ್ನೊಬ್ರು ಮೊಬೈಲಿನಾಗ ವಿಡಿಯೊ ತಗೀರಿ. ನಾಚಿಕಿ ಬ್ಯಾಡ. ನೀವು ಬರೆದೀರಲ್ಲ, ಗುಂಡಿ ಹುಡುಕಿಧಂಗ ಬೆರಳಾಡಿಸಿದಾ, ತುಟಿ ಚಪ್ಪರಿಸಿದಾ ಅಂತ, ಅದು ಡಾಕ್ಟರಿಗೆ ಬಂಗಾರದಂಥಾ ಮಾಹಿತಿ. ಯಾವ ಕೈ ಮೊದಲು ಸೆಟೀತು, ಕಣ್ಣು ಯಾವ ಕಡಿ ಹೊಳ್ಳಿತು ಅನ್ನೂದ್ರ ಮ್ಯಾಲೆ ಮೆದುಳಿನ ಯಾವ ಭಾಗದಿಂದ ಶುರುವಾತು ಅಂತ ಅವ್ರು ಅಂದಾಜು ಕಟ್ತಾರ.

ರಾತ್ರಿಪಾಳಿ

ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ. ನನ್ನದು ಬೇರೆ ಥರ, ಜುವೆನೈಲ್ ಮಯೋಕ್ಲೋನಿಕ್ ಅಂತಾರೆ, ಹದಿಹರೆಯದಲ್ಲಿ ಶುರುವಾಗೋದು. ಬೆಳಗ್ಗೆ ಎದ್ದ ತಕ್ಷಣ ಕೈ ಝಟಕಾ ಹೊಡೆಯುತ್ತೆ. ಪಿಯುಸಿಯಲ್ಲಿದ್ದಾಗ ಹಲ್ಲುಜ್ಜೋ ಬ್ರಷ್ಷು ಹಾರಿ ಕನ್ನಡಿಗೆ ಬಡೀತಿತ್ತು, ಕಾಫಿ ಲೋಟ ಅಮ್ಮನ ಸೀರೆ ಮೇಲೆ ಚೆಲ್ತಿತ್ತು. ನಾನು ಸೋಮಾರಿತನಕ್ಕೆ ನಾಟಕ ಮಾಡ್ತೀನಿ ಅಂತ ಬೈಸಿಕೊಂಡಿದ್ದೇ ಬೈಸಿಕೊಂಡಿದ್ದು. ಓದೋಕೆ ಅಂತ ನಿದ್ದೆಗೆಟ್ಟ ದಿನ ಪರೀಕ್ಷೆ ಹಾಲಲ್ಲೇ ದೊಡ್ಡದು ಬಂದ್ಮೇಲೆ ಗೊತ್ತಾಗಿದ್ದು.

ಅಮ್ಮ, ಒಂದು ಮಾತು ಮೊದಲು. ನಿಮ್ಮ ಮಗನಿಗೆ ಕೊಟ್ಟಿರೋ ಕಾರ್ಬಮಜೆಪಿನ್ ನನ್ನ ಥರದವರಿಗೆ ಕೊಟ್ರೆ ಝಟಕಾ ಇನ್ನೂ ಜಾಸ್ತಿಯಾಗಬಹುದು. ನನಗೆ ಕೊಟ್ಟಿದ್ದು ಲೆವೆಟಿರಾಸಿಟಮ್. ಹಾಗಾಗಿ ಇಲ್ಲಿ ಯಾರಾದ್ರೂ "ನಮ್ಮ ಹುಡುಗನಿಗೆ ಇಂಥ ಮಾತ್ರೆಯಿಂದ ಪೂರ್ತಿ ಹೋಯ್ತು" ಅಂದ್ರೆ ಕೇಳಿ ಬಿಟ್ಬಿಡಿ. ಎಲ್ಲಕ್ಕೂ ಫಿಟ್ಸ್ ಅಂತ ಒಂದೇ ಹೆಸರು, ಆದ್ರೆ ಒಳಗೆ ಕಾಯಿಲೆ ಹತ್ತು ಥರ.

ನನ್ನ ಅನುಭವದಲ್ಲಿ ಅರ್ಧ ಕೆಲಸ ಮಾತ್ರೆದು, ಇನ್ನರ್ಧ ಸರಿಯಾದ ನಿದ್ದೆದು. ರಾತ್ರಿ ಪಾಳಿ ಬೇಡ ಅಂತ ಡಾಕ್ಟ್ರ ಹತ್ರ ಪತ್ರ ಬರೆಸಿ ಆಫೀಸಿಗೆ ಕೊಟ್ಟೆ. ಮ್ಯಾನೇಜರ್ ಮುಖ ಸ್ವಲ್ಪ ದಿನ ಗಂಟಾಗಿತ್ತು, ಆಮೇಲೆ ಸರಿಹೋಯ್ತು. ಇಲ್ಲಿ "ರಾತ್ರಿಪಾಳಿ" ಅನ್ನೋ ಹೆಸರು ಹಳೇದು, ಬದಲಾಯಿಸೋಕೆ ಬೇಜಾರು. ಕುಡಿಯೋದು ಬಿಟ್ಟೆ. ಕುಡಿದ ರಾತ್ರಿಗಿಂತ ಇಳಿದ ಬೆಳಗ್ಗೆಯೇ ನನಗೆ ಕಷ್ಟ ಕೊಡ್ತಿತ್ತು. ಮಾತ್ರೆ ಮೂರು ಕಡೆ ಇದೆ: ಮನೆ, ಆಫೀಸ್ ಬ್ಯಾಗು, ಊರಲ್ಲಿ ಅಮ್ಮನ ಬೀರು. ಜಾತ್ರೆಗೆ ಅಂತ ಊರಿಗೆ ಹೋಗಿ ಡಬ್ಬಿ ಮರೆತು ಬಂದವರ ಕಥೆ ಎಷ್ಟು ಬೇಕು ನಿಮಗೆ?

ಮೊದಲ ಡಾಕ್ಟ್ರು ಹೇಳದೇ ಬಿಟ್ಟಿದ್ದನ್ನ ಎರಡನೆಯವರು ನೇರವಾಗಿ ಹೇಳಿದ್ರು. ದೊಡ್ಡ ಫಿಟ್ಸ್ ಹತೋಟಿಗೆ ಬರದೇ ಇದ್ರೆ, ಅದರಲ್ಲೂ ನಿದ್ದೆಯಲ್ಲಿ ಬರ್ತಿದ್ರೆ, ಹಠಾತ್ ಸಾವಿನ ಅಪಾಯ ಇದೆ. ಮೂರ್ಛೆರೋಗ ಇರೋ ದೊಡ್ಡವರಲ್ಲಿ ವರ್ಷಕ್ಕೆ ಸಾವಿರದಲ್ಲಿ ಒಬ್ಬರ ಲೆಕ್ಕ. ಹೆದರಿಸೋಕೆ ಬರೀತಿಲ್ಲ. ಅದು ಗೊತ್ತಾದ ಮೇಲೆ ನಾನು ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ.

ಹಸಿರುಮದ್ದು

ಇಷ್ಟೆಲ್ಲ ಇಂಗ್ಲಿಷ್ ಮಾತ್ರೆ ನುಂಗಿ ಲಿವರ್ ಹಾಳು ಮಾಡ್ಕೋಬೇಡಿ. ಒಂದೆಲಗ, ಬಜೆ ಬೇರು ನಮ್ಮ ಹಿರಿಯರು ಕೊಡ್ತಿದ್ರು. ನಮ್ಮ ಕಡೆ ಒಬ್ಬ ನಾಟಿ ವೈದ್ಯರು ಪುಡಿ ಕೊಡ್ತಾರೆ, ಮಾತ್ರೆ ಪೂರ್ತಿ ನಿಲ್ಲಿಸಬೇಕು ಅನ್ನೋದೇ ಅವರ ಪಥ್ಯ. ಎಷ್ಟೋ ಜನಕ್ಕೆ ವಾಸಿ ಆಗಿದೆ. ವಿಳಾಸ ಬೇಕಾದವರು ಕೇಳಿ.

ಶಿವಮೊಗ್ಗ ಮೆಡಿಕಲ್ಸ್

ವಿಳಾಸ ಹಾಕಬೇಡಿ ಸ್ವಾಮಿ, ದಯವಿಟ್ಟು. ಔಷಧಿ ಅಂಗಡಿ ಇಟ್ಟು ತಲೆ ನೆರೆಸಿಕೊಂಡವನು ನಾನು. ಒಂದೆಲಗದ ತಂಬುಳಿ ನಮ್ಮನೆಯಲ್ಲೂ ಮಾಡ್ತಾರೆ, ಉಣ್ಣಿ, ಯಾರು ಬೇಡ ಅಂದ್ರು? ಆದರೆ "ಮಾತ್ರೆ ನಿಲ್ಲಿಸಿ" ಅನ್ನೋ ಪಥ್ಯ ಇದೆಯಲ್ಲ, ಅದು ಪಥ್ಯ ಅಲ್ಲ. ಇದ್ದಕ್ಕಿದ್ದಂತೆ ಮಾತ್ರೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ನಿಲ್ಲದೇ ಫಿಟ್ಸ್ ಬಂದು ಐಸಿಯು ಸೇರಬೇಕಾಗುತ್ತೆ. ಗಿಡಮೂಲಿಕೆ ಅಂತ ಮಾರುವ ಪುಡಿಗಳಲ್ಲಿ ಫೆನೋಬಾರ್ಬಿಟೋನ್ ಅನ್ನೋ ಫಿಟ್ಸ್ ಮಾತ್ರೆಯನ್ನೇ ಬೆರೆಸಿದ್ದು ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಅಂದರೆ ಅದೇ ಇಂಗ್ಲಿಷ್ ಮಾತ್ರೆ, ಎಷ್ಟು ಪ್ರಮಾಣ ಅಂತ ಗೊತ್ತಿಲ್ಲದೆ, ಜಾಸ್ತಿ ದುಡ್ಡು ಕೊಟ್ಟು.

ಲಿವರ್ ಬಗ್ಗೆ ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಲವು ಮಾತ್ರೆಗೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕಾಗುತ್ತೆ. ಫೆನಿಟಾಯಿನ್ ವರ್ಷಗಟ್ಟಲೆ ತಗೊಂಡರೆ ಒಸಡು ಉಬ್ಬುತ್ತೆ, ಲೆವೆಟಿರಾಸಿಟಮ್ ಕೆಲವರಿಗೆ ಮೂಗಿನ ತುದೀಲಿ ಕೋಪ ತರಿಸುತ್ತೆ. ಇದನ್ನು ಡಾಕ್ಟರಿಗೆ ಹೇಳಿದರೆ ಬದಲಾಯಿಸುತ್ತಾರೆ. ಹೇಳದೇ ಬಿಟ್ಟರೆ ನಾವೇ ನಿಲ್ಲಿಸಿಬಿಡುತ್ತೇವೆ, ಅಲ್ಲೇ ಎಡವೋದು.

ಮಳವಳ್ಳಿ ಅಮ್ಮನವರೇ, ಕಾರ್ಬಮಜೆಪಿನ್ ಹೊಸದಾಗಿ ಶುರುವಾಗಿದೆ ಅಂದಿರಿ. ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ "ಉಷ್ಣ" ಅಂತ ಸುಮ್ಮನಿರಬೇಡಿ, ಅದೇ ದಿನ ತೋರಿಸಿ. ಸ್ಟ್ರಿಪ್ ಮೇಲೆ ಸಿಆರ್ ಅಂತ ಇದ್ದರೆ ಪುಡಿ ಮಾಡಿ ಜೇನಲ್ಲಿ ಕೊಡೋ ಹಾಗಿಲ್ಲ, ಅಗಿಯೋ ಹಾಗಿಲ್ಲ, ನಿಧಾನಕ್ಕೆ ಕರಗಲಿ ಅಂತ ಮಾಡಿದ್ದು ಅದು. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರ ಬಂದುಬಿಟ್ಟಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ಕೊಡಬೇಡಿ. ಶೀತ ಕೆಮ್ಮಿಗೆ ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆ ಹೆಸರು ಮೊದಲೇ ಹೇಳಿ. ಎರಿಥ್ರೊಮೈಸಿನ್ ಜಾತಿಯ ಆಂಟಿಬಯಾಟಿಕ್ ಜೊತೆ ಸೇರಿದರೆ ಕಾರ್ಬಮಜೆಪಿನ್ ರಕ್ತದಲ್ಲಿ ಏರಿ ತಲೆಸುತ್ತು, ಕಣ್ಣಿಗೆ ಎರಡೆರಡು ಕಾಣೋದು ಶುರುವಾಗುತ್ತೆ. ನೋವಿಗೆ ಟ್ರಮಡಾಲ್ ಕೇಳಿ ಬರೋರಿಗೆ ನಾನು ಫಿಟ್ಸ್ ಇದೆಯಾ ಅಂತ ಕೇಳಿಯೇ ಕೊಡೋದು, ಅದು ಫಿಟ್ಸ್ ತರಿಸಬಲ್ಲದು.

ಇನ್ನೊಂದು, ನಮ್ಮ ಮನೆಗಳಲ್ಲಿ ಯಾರಿಗೂ ಗುಮಾನಿ ಬಾರದ ವಸ್ತು: ನೀಲಗಿರಿ ಎಣ್ಣೆ, ಕರ್ಪೂರ. ಶೀತವಾದಾಗ ಮೂಗಿಗೆ, ಎದೆಗೆ ತಿಕ್ಕೋದು, ಹಬೆ ತಗೊಳ್ಳೋದು. ಇವೆರಡರಿಂದ ಫಿಟ್ಸ್ ಬಂದವರನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ಗುರುತಿಸಿ ವರದಿ ಮಾಡಿದ್ದಾರೆ. ದೀಪಾವಳಿ ಮಂಗಳಾರತಿಯ ಕರ್ಪೂರಕ್ಕೆ ಹೆದರಬೇಕಿಲ್ಲ, ಬಾಮು ಎಣ್ಣೆ ಮೈಗೆ ಮೂಗಿಗೆ ಹಚ್ಚೋದು ಬಿಡಿ.

ಹಸಿರುಮದ್ದು

ಸರಿ, ವಿಳಾಸ ಹಾಕಲ್ಲ. ಆದರೆ ಎಲ್ಲಾ ನಾಟಿ ವೈದ್ಯರನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ಶಿವಮೊಗ್ಗ ಮೆಡಿಕಲ್ಸ್

ತೂಗಲ್ಲ. ಮಾತ್ರೆ ನಿಲ್ಲಿಸಿ ಅನ್ನದೇ ಇರೋರ ಮೇಲೆ ನನಗೆ ತಕರಾರಿಲ್ಲ.

ಸಾಗರದ ಹುಡುಗಿ

ಹುಡುಗರ ಮಾತೇ ಆಯ್ತು, ಹುಡುಗಿಯರದ್ದೂ ಸ್ವಲ್ಪ ಬರಲಿ. ನನಗೆ ಹತ್ತನೇ ಕ್ಲಾಸಿಂದ ಇದೆ. ಮನೆಯಲ್ಲಿ ಅದನ್ನ "ತಲೆನೋವು" ಅಂತಲೇ ಕರೆಯೋರು, ನೆಂಟರ ಎದುರು ಮಾತ್ರೆ ನುಂಗೋ ಹಾಗಿರ್ಲಿಲ್ಲ. ಮದುವೆಮನೆಗೆ ಹೋದರೆ ಆ ಎರಡು ದಿನ ಮಾತ್ರೆ ತಪ್ಪೋದೇ. ಫಿಟ್ಸ್ ಬರೋದೂ ಸರಿಯಾಗಿ ಮದುವೆಮನೆಯಲ್ಲೇ.

ನೋಡಲು ಬಂದವರಿಗೆ ಹೇಳೋದಾ ಬೇಡ್ವಾ ಅಂತ ದೊಡ್ಡ ಚರ್ಚೆ ನಡೀತು. ಅತ್ತೆಯೊಬ್ಬರು "ಕಾನೂನಲ್ಲೇ ಮದುವೆ ನಿಲ್ಲಲ್ಲ" ಅಂದರು. ಅದು ಹಳೇ ಮಾತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗದ ಹೆಸರಿತ್ತು ನಿಜ, 1999ರ ತಿದ್ದುಪಡಿಯಲ್ಲಿ ಅದನ್ನ ತೆಗೆದುಹಾಕಿದ್ದಾರೆ. ನಾನೇ ಹುಡುಗನ ಹತ್ತಿರ ಹೇಳಿದೆ. ಒಂದು ಸಂಬಂಧ ಅಲ್ಲಿಗೇ ಮುರೀತು. ಇನ್ನೊಬ್ಬರು "ಬಂದಾಗ ನಾನೇನು ಮಾಡಬೇಕು" ಅಂತ ಕೇಳಿದರು, ಅವರನ್ನೇ ಮದುವೆಯಾದೆ.

ನಾನು ಬರೆಯಲೇಬೇಕಾದ್ದು ವಾಲ್ಪ್ರೊಯೇಟ್ ಅನ್ನೋ ಫಿಟ್ಸ್ ಮಾತ್ರೆ ಬಗ್ಗೆ. ಗರ್ಭಿಣಿಯಾಗಿದ್ದಾಗ ಆ ಮಾತ್ರೆ ತಗೊಂಡರೆ ಹತ್ತರಲ್ಲೊಂದು ಮಗುವಿಗೆ ಹುಟ್ಟುವಾಗಲೇ ಅಂಗದ ದೋಷ, ಹತ್ತರಲ್ಲಿ ಮೂರ್ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ನನಗೆ ಶುರುವಲ್ಲಿ ಕೊಟ್ಟಿದ್ದು ಅದೇ, ಯಾರೂ ಏನೂ ಹೇಳಿರಲಿಲ್ಲ. ಮದುವೆ ಗೊತ್ತಾದಾಗ ನಾನಾಗಿ ಕೇಳಿದ್ದಕ್ಕೆ ನಿಧಾನಕ್ಕೆ ಲ್ಯಾಮೊಟ್ರಿಜಿನ್‌ಗೆ ಬದಲಾಯಿಸಿ ಫೋಲಿಕ್ ಆಸಿಡ್ ಶುರುಮಾಡಿದರು. ನಿಧಾನಕ್ಕೆ ಅಂದರೆ ತಿಂಗಳುಗಟ್ಟಲೆ. ಆದ್ದರಿಂದ ಕೂಸು ನಿಂತ ಮೇಲೆ ಓಡೋದಲ್ಲ, ಮೊದಲೇ ಕೇಳಬೇಕು. ಬಸುರಿ ಅಂತ ಗೊತ್ತಾದ ಕೂಡಲೇ ಹೆದರಿ ತಾವೇ ಮಾತ್ರೆ ಬಿಡೋರಿದ್ದಾರೆ, ಅದು ತಾಯಿ ಮಗು ಇಬ್ಬರಿಗೂ ಇನ್ನೂ ಅಪಾಯ. ಗರ್ಭಿಣಿಯಾದಾಗ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಇಳಿಯುತ್ತೆ, ನನಗೆ ಡೋಸ್ ಏರಿಸಬೇಕಾಯ್ತು. ಕಾರ್ಬಮಜೆಪಿನ್, ಫೆನಿಟಾಯಿನ್ ತಗೊಳ್ಳೋರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೇ ಹೋಗಬಹುದು, ಅದನ್ನೂ ನಾಚಿಕೆ ಬಿಟ್ಟು ಕೇಳಿ.

ಬಾಣಂತನದಲ್ಲಿ ಅಮ್ಮ ರಾತ್ರಿ ಒಂದು ಸಲ ಮಗು ನೋಡಿಕೊಳ್ಳೋರು, ನನಗೆ ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಆಗಲಿ ಅಂತ. ಹಾಲು ಕುಡಿಸಿದ್ದು ನೆಲದ ಮೇಲೆ ಹಾಸಿಗೆ ಹಾಕಿ, ಗೋಡೆಗೆ ಒರಗಿ ಕೂತು. ಎತ್ತಿಕೊಂಡು ಮೆಟ್ಟಿಲು ಹತ್ತಲಿಲ್ಲ. ಸ್ನಾನ ಮಾಡಿಸೋದು ಯಾವತ್ತೂ ಒಬ್ಬಳೇ ಅಲ್ಲ. ಬಾಣಂತಿ ಸ್ನಾನದ ಸುಡುನೀರಿಗೆ ನಾನೂ ಜಗಳ ಮಾಡಿದೆ, ಯಳಂದೂರಿನ ಅಕ್ಕನ ಬರಹ ಆಗ ಸಿಕ್ಕಿದ್ದರೆ ಓದಿ ಹೇಳ್ತಿದ್ದೆ.

ಅಡುಗೆ ಭಟ್ರು, ಕುಂದಾಪುರ

ನಾನು ಶುದ್ಧ ಸಸ್ಯಾಹಾರಿ, ನನಗೆ ಫಿಟ್ಸ್ ಬಂದದ್ದು ಹಂದಿಯ ಲಾಡಿಹುಳದ ಗುಳ್ಳೆ ಮೆದುಳಲ್ಲಿ ಕೂತು! ಎಂಆರ್‌ಐ ನೋಡಿ ಡಾಕ್ಟ್ರು ಹೇಳಿದಾಗ ಅಪ್ಪಯ್ಯನಿಗೆ ಸಿಟ್ಟು ಬಂತು. ಮಾಂಸ ತಿಂದೇ ಬರಬೇಕಂತ ಇಲ್ಲ ಮಾರಾಯ್ರೆ. ಆ ಹುಳ ಹೊಟ್ಟೆಯಲ್ಲಿರುವ ಮನುಷ್ಯನ ಮಲದಿಂದ ಮೊಟ್ಟೆ ಹೊರಗೆ ಬಂದು, ಮಣ್ಣು ನೀರು ಹಸಿ ತರಕಾರಿ ತೊಳೆಯದ ಕೈ ಮೂಲಕ ನಮ್ಮ ಬಾಯಿಗೆ ಬರ್ತದೆ. ಆಮೇಲಿಂದ ಕೋಸಂಬರಿಗೆ ಹಾಕುವ ಸೌತೆ, ಕೊತ್ತಂಬರಿ ನಾನೇ ನಿಂತು ತೊಳೆಸುವುದು. ಹುಳದ ಮದ್ದು ಮಾತ್ರ ಅಂಗಡಿಯಿಂದ ತಂದು ನುಂಗಬೇಡಿ, ಗುಳ್ಳೆ ಸಾಯುವಾಗ ಮೆದುಳು ಊದಿಕೊಳ್ತದೆ, ಅದಕ್ಕೆ ಡಾಕ್ಟ್ರು ಬೇರೆ ಔಷಧ ಸೇರಿಸಿ ಕೊಡ್ತಾರೆ.

ಕೆಲಸ ಬಿಡ್ಲಿಲ್ಲ. ಜಾಗ ಬದಲಾಯಿಸಿಕೊಂಡೆ. ಎಣ್ಣೆ ಬಾಣಲೆ, ಕಡಾಯಿಯ ಸಾರು ತಮ್ಮನಿಗೆ, ಹೆಚ್ಚುವುದು ಕೂಡ ಬೇಡ ಅಂದರು, ಮಸಾಲೆ ಅಳತೆ ಬಡಿಸುವ ಲೆಕ್ಕ ನನ್ನದು. ಬೈಕೂ ಬಿಟ್ಟೆ. ಲೈಸೆನ್ಸಿನ ಫಾರಂ 1ರಲ್ಲಿ ಮೂರ್ಛೆರೋಗ ಇದೆಯಾ ಅಂತ ನೇರ ಪ್ರಶ್ನೆಯೇ ಉಂಟು, ಸುಳ್ಳು ಬರೆದು ದಾರಿಹೋಕರ ಮೇಲೆ ಹತ್ತಿಸುವುದು ಯಾರಿಗೆ ಬೇಕು? ಬಾವಿಕಟ್ಟೆ ಹತ್ತಿ ನೀರು ಸೇದುವುದಿಲ್ಲ. ರಾತ್ರಿಯಿಡೀ ಆಟ ನೋಡುವ ಚಟ ಬಿಡುವುದೇ ಕಷ್ಟವಾಯ್ತು. ಈಗ ಕಾಲಮಿತಿ ಯಕ್ಷಗಾನ ಬಂದಿದೆ, ಹಳಬರು ಬೈತಾರೆ, ನನಗೆ ಅನುಕೂಲ.

ಮೇಷ್ಟ್ರು

ಪ್ರೌಢಶಾಲೆ ಅಧ್ಯಾಪಕ ನಾನು. ಬೆಂಗಳೂರು ಮತ್ತು ಸುತ್ತಲಿನ ಹ‍ಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಜನರಿಗೆ ಮೂರ್ಛೆರೋಗ ಕಂಡಿತ್ತು. ಹಳ್ಳಿಗಳಲ್ಲಿ 11.9, ಪೇಟೆಯಲ್ಲಿ 5.7. ಆ ಲೆಕ್ಕ ಹಿಡಿದರೆ ದೊಡ್ಡ ಶಾಲೆಯೊಂದರಲ್ಲಿ ನಾಲ್ಕೈದು ಮಕ್ಕಳಾದರೂ ಇರಬೇಕು. ನಮಗೆ ಗೊತ್ತಿರೋದು ಒಂದೋ ಎರಡೋ. ಮಿಕ್ಕವರ ಮನೆಯವರು ಮುಚ್ಚಿಟ್ಟಿರುತ್ತಾರೆ, ಇಲ್ಲವೇ ಅವರಿಗೇ ಗೊತ್ತಿರೋದಿಲ್ಲ. ಪಾಠದ ನಡುವೆ ಕೆಲವು ಸೆಕೆಂಡು ಕಣ್ಣು ನಿಲ್ಲಿಸಿ ಕೂರುವ ಮಗುವಿಗೆ "ಎಲ್ಲಿದೆಯೋ ಗಮನ" ಅಂತ ಸೀಮೆಸುಣ್ಣ ಎಸೆಯುವವರೇ ಹೆಚ್ಚು. ಅದೂ ಒಂದು ಬಗೆಯ ಫಿಟ್ಸ್ ಇರಬಹುದು.

ಅಮ್ಮ, ಶಾಲೆಗೆ ಹೇಳಿ. ಬಾಯಿಮಾತಲ್ಲಿ ಹೇಳಿದ್ದು ಮುಂದಿನ ವರ್ಷ ಮೇಷ್ಟ್ರು ಬದಲಾದಾಗ ಉಳಿಯೋದಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ: ಅವನಿಗೆ ಬರುವಾಗ ಹೇಗೆ ಕಾಣುತ್ತೆ, ಸಾಮಾನ್ಯವಾಗಿ ಎಷ್ಟು ಹೊತ್ತು, ಏನು ಮಾಡಬೇಕು, ಏನು ಮಾಡಬಾರದು, ಯಾರ ನಂಬರಿಗೆ ಫೋನ್ ಮಾಡಬೇಕು. ಸಿಸ್ಟರ್ ಬರೆದಿರೋದನ್ನೇ ಇಳಿಸಿಕೊಂಡರೂ ಸಾಕು. ಬಂದಾದ ಮೇಲೆ ಮಲಗಲು ಜಾಗ, ಬದಲಿಸಲು ಒಂದು ಜೊತೆ ಬಟ್ಟೆ ಬ್ಯಾಗಲ್ಲಿರಲಿ. ಚಡ್ಡಿ ಒದ್ದೆಯಾಗಿ ಇಡೀ ಕ್ಲಾಸು ನೋಡಿತು ಅನ್ನೋ ಅವಮಾನಕ್ಕೇ ಶಾಲೆ ಬಿಟ್ಟ ಹುಡುಗನೊಬ್ಬ ನನಗೆ ಗೊತ್ತು.

ಮಳವಳ್ಳಿಯಿಂದ ಮೈಸೂರಿಗೆ ಪ್ರತಿ ಸಲ ಓಡೋದು ಕಷ್ಟವಾದರೆ ಮಂಡ್ಯ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಮಾಡಿವೆ, ಜಿಲ್ಲಾ ಮಟ್ಟದಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ನಡೆಸೋದು ಅದರ ಉದ್ದೇಶ.

ಮಳವಳ್ಳಿ ಅಮ್ಮ

ಎಲ್ಲರ ಮಾತನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಬಂದ ದಿನ, ಹೊತ್ತು, ಹಿಂದಿನ ರಾತ್ರಿ ನಿದ್ದೆ, ಮಾತ್ರೆ ಕೊಟ್ಟಿದ್ದು, ಅದಕ್ಕೂ ಒಂದು ಪುಟ ಮಾಡಿದೀನಿ. ಬರೆಯೋ ಕೆಲಸ ಅವನಿಗೇ ಕೊಟ್ಟೆ, ಖುಷಿಯಾಗಿ ಗೆರೆ ಎಳ್ಕೊಂಡು ಕೂತಿದಾನೆ. ಮುಂದಿನ ವಾರ ಇಇಜಿ ಇದೆ, ತಲೆಗೆ ತಂತಿ ಅಂಟಿಸಿ ಮೆದುಳಿನ ಗೆರೆ ತೆಗೆಯೋ ಪರೀಕ್ಷೆ. ರಾತ್ರಿ ಕಡಿಮೆ ಮಲಗಿಸಿ ಕರ್ಕೊಂಡು ಬನ್ನಿ, ತಲೆ ತೊಳೆದಿರ್ಲಿ, ಎಣ್ಣೆ ಇರಬಾರದು ಅಂದಿದಾರೆ. ನೀವೆಲ್ಲ ನಿದ್ದೆ ಕೆಡಿಸ್ಬೇಡಿ ಅಂತೀರ, ಅವರು ಕೆಡಿಸಿ ಅಂತಾರೆ. ಆ ದಿನದ ಮಾತ್ರೆ ಕೊಡ್ಲಾ?

ಧಾರವಾಡ ಸಿಸ್ಟರ್

ನಿದ್ದಿ ಕಡಿಮಿ ಇದ್ದಾಗ ಮೆದುಳಿನ ಗೆರಿಯೊಳಗ ತೊಂದ್ರಿ ಛಲೋ ಕಾಣಸ್ತದ, ಅದಕ್ಕ ಹಂಗ ಹೇಳ್ತಾರ. ಆ ರಾತ್ರಿ ಒಬ್ರು ಅವನ ಜೋಡಿ ಎಚ್ಚರಿರ್ರಿ, ಹೋಗಾಕ ಬೈಕ್ ಮ್ಯಾಲೆ ಕೂಡಿಸಬ್ಯಾಡ್ರಿ, ತೂಕಡಿಸ್ತಾನ. ಡಾಕ್ಟರ್ ಬಾಯಿಬಿಟ್ಟು ನಿಲ್ಲಸ್ರಿ ಅಂದಿಲ್ಲಂದ್ರ ದಿನದ ಮಾತ್ರಿ ತಪ್ಪಸಬ್ಯಾಡ್ರಿ. ತಲಿ ಹಿಂದಿನ ದಿನ ಉಗುರುಬೆಚ್ಚಗಿನ ನೀರಿನಾಗ ತೊಳಿರಿ. ಅದಕ್ಕಂತ ಕ್ಲೋಬಜಾಮ್ ಕೊಟ್ಟಿದ್ರ ಇಇಜಿ ಮಾಡೋರಿಗೆ ತಪ್ಪದ ಹೇಳ್ರಿ, ಅದು ಗೆರಿ ಮ್ಯಾಲೆ ಪರಿಣಾಮ ಮಾಡ್ತದ. ಊಟ ಮಾಡಿಸಿಕೊಂಡ ಹೋಗ್ರಿ. ಕರೆಂಟ್ ಕೊಡ್ತಾರೇನು ಅಂತ ಹುಡುಗ ಕೇಳ್ತಾನ, ಇಲ್ಲಂತ ಮೊದಲ ಹೇಳಿಬಿಡ್ರಿ.

ಮಳವಳ್ಳಿ ಅಮ್ಮ

ನಿನ್ನೇನೇ ಕೇಳ್ದ! ಮೇಷ್ಟ್ರೇ, ಅವನು ಖೋಖೋ ಟೀಮಲ್ಲಿದಾನೆ. ಪಿಟಿ ಸರ್ ಕೂರಿಸ್ಬಿಡ್ತಾರೇನೋ ಅನ್ನೋದೇ ಅವನ ದೊಡ್ಡ ಚಿಂತೆ.

ಮೇಷ್ಟ್ರು

ಆಡಲಿ. ಡಾಕ್ಟರ ಚೀಟಿಯಲ್ಲಿ "ಆಟಕ್ಕೆ ಅಡ್ಡಿಯಿಲ್ಲ" ಅಂತ ಒಂದು ಸಾಲು ಬರೆಸಿಕೊಂಡು ಬನ್ನಿ, ಪಿಟಿ ಮೇಷ್ಟ್ರುಗಳಿಗೆ ಚೀಟಿ ಇದ್ದರೆ ಧೈರ್ಯ. ಮರ ಹತ್ತೋದು, ಕೆರೆ ಕಾಲುವೆಯಲ್ಲಿ ಈಜೋದು ಸದ್ಯಕ್ಕೆ ಬೇಡ. ಈಜು ಕಲಿಸಲೇಬೇಕು ಅಂದರೆ ಮುಂದೆ, ಡಾಕ್ಟರು ಒಪ್ಪಿದ ಮೇಲೆ, ಈಜು ಬಲ್ಲ ದೊಡ್ಡವರೊಬ್ಬರು ಅವನ ಪಕ್ಕ ನೀರಲ್ಲೇ ಇರಬೇಕು, ದಡದಲ್ಲಿ ನಿಂತು ನೋಡೋದು ಸಾಲದು. ಸೈಕಲ್ಲು ಈಗ ಬಿಡಿಸಿ, ಫಿಟ್ಸ್ ಹತೋಟಿಗೆ ಬಂದು ಕೆಲವು ತಿಂಗಳಾದ ಮೇಲೆ ಡಾಕ್ಟರನ್ನು ಕೇಳಿ ಊರೊಳಗಿನ ರಸ್ತೆಯಲ್ಲಿ ಹೆಲ್ಮೆಟ್ ಹಾಕಿ ಬಿಡಬಹುದು.